ಪಂಚಮಿಗೆ ಕರೆಯಲು ಬಂದವನು

ಮಡಿವಾಳಪ್ಪನ ತಾಯಿ ರೇವವ್ವ ಅವನನ್ನು ಕೊನೆಯ ಸಲ ಹೆಸರು ಹಿಡಿದು ಕರೆದದ್ದು ಎಪ್ಪತ್ತೈದನೆಯ ಇಸವಿಯ ಆಷಾಢದ ಒಂದು ಸೋಮವಾರ. ಆಗ ಅವಳು ಇಂಡಿ ಊರಿನ ತಮ್ಮ ಮನೆಯ ತಲೆಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ತಬ್ಬಿ ನಿಂತಿದ್ದಳು. ಅದೇ ಕೊನೆಯ ಸಲವೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಹಿಡಿತವನ್ನು ಬೆರಳು ಬೆರಳಾಗಿ ಬಿಡಿಸಲು ಹೋಗುತ್ತಿರಲಿಲ್ಲ ಎಂದು ಆಮೇಲೆ ಅನೇಕ ಸಲ ಅಂದುಕೊಂಡ. ಗೊತ್ತಿದ್ದರೂ ಹೋಗುತ್ತಿದ್ದನೋ ಏನೋ.

"ಮಡಿವಾಳ, ನನ್ನ ಎಲ್ಲಿಗಿ ಒಯ್ಯಾಕತ್ತೀದಿ?"

"ಮುದ್ದೇಬಿಹಾಳಕ ಯವ್ವಾ. ಅಲ್ಲಿ ಒಬ್ರು ಬಾಯಾರು ಅದಾರ. ನಿನ್ನ ಚಲೋ ನೋಡ್ಕೋತಾರ."

"ಇದು ನನ್ನ ಗಂಡನ ಮನಿ. ಯಾರೂ ಕರಿಯಾಕ ಬರದ ನಾ ಯಾಕ ಹೊಸ್ತಿಲಾ ದಾಟಲಿ?"

ಅವನು ಅವಳ ಬೆರಳು ಬಿಡಿಸತೊಡಗಿದ. ಒಂದು ಕೈ ಬಿಡಿಸಿದರೆ ಇನ್ನೊಂದು ಹಿಡಿಯುತ್ತಿತ್ತು. ಅರವತ್ತು ದಾಟಿದ, ನೆನಪೆಲ್ಲ ಸೋರಿಹೋದ ಆ ಮೈಯಲ್ಲಿ ಅಷ್ಟೊಂದು ಬಲ ಎಲ್ಲಿ ಉಳಿದಿತ್ತೋ. ಓಣಿಯ ಜನ ನಿಂತು ನೋಡತೊಡಗಿದಾಗ ಅವನು ಬಿಟ್ಟುಬಿಟ್ಟ. ಬಸ್ಸು ಹೋಗಿತ್ತು. ರೇವವ್ವ ಒಳಗೆ ಹೋಗಿ ಒಲೆಯ ಮುಂದೆ ಕೂತು ಸೆರಗಿನಿಂದ ಬೆವರು ಒರೆಸಿಕೊಂಡಳು. ಸ್ವಲ್ಪ ಹೊತ್ತಿಗೆ ಏನು ನಡೆಯಿತೆಂಬುದನ್ನೇ ಮರೆತು ಸೊಸೆಗೆ, "ಅತ್ತಿ, ಹಿಟ್ಟು ನಾದಲೇನು?" ಎಂದು ಕೇಳಿದಳು.

ಹೀಗೆ ಶುರುವಾಗಿ ಎರಡು ವರ್ಷವಾಗಿತ್ತು. ಮೊದಲು ಸಾರಿಗೆ ಎರಡು ಸಲ ಉಪ್ಪು. ಆಮೇಲೆ ಬೀಸಬೇಕಾದ ಜೋಳವನ್ನು ನೀರಲ್ಲಿ ನೆನೆಹಾಕಿದಳು. ಹತ್ತು ವರ್ಷದ ಹಿಂದೆ ಸತ್ತ ಗಂಡ ಹೊಲದಿಂದ ಬರಲಿಲ್ಲವೆಂದು ಬುತ್ತಿ ಕಟ್ಟಿಕೊಂಡು ಊರ ಹೊರಗೆ ನಡೆದಳು. ಸೊಸೆ ಸಿದ್ದವ್ವ ಅವಳ ಪಾಲಿಗೆ ಯಾವಾಗಲೋ ಅತ್ತೆಯಾಗಿದ್ದಳು, ಅದೂ ಬಾಯಿ ಜೋರಿನ, ಹೆದರಬೇಕಾದ ಅತ್ತೆ. ಸಿದ್ದವ್ವ ಮೊದಮೊದಲು ನಕ್ಕಳು. ತಾನು ನಿಜವಾಗಿ ಹೆದರಿದ್ದ ಹೆಂಗಸು ಈಗ ತನ್ನ ಮುಂದೆ ತಲೆಯ ಮೇಲೆ ಸೆರಗು ಎಳೆದುಕೊಳ್ಳುವುದನ್ನು ನೋಡಿ ಆಮೇಲೆ ನಗುವುದನ್ನು ಬಿಟ್ಟಳು.

ಮಡಿವಾಳಪ್ಪ ಸರಕಾರಿ ಬಸ್ಸಿನ ಕಂಡಕ್ಟರ್. ದಿನ ಬಿಟ್ಟು ದಿನ ಇಂಡಿಯಿಂದ ಸಿಂದಗಿ, ದೇವರ ಹಿಪ್ಪರಗಿ, ಬಸವನ ಬಾಗೇವಾಡಿ ಹಾಯ್ದು ಮುದ್ದೇಬಿಹಾಳಕ್ಕೆ ಹೋಗಿ ಸಂಜೆಗೆ ಅದೇ ದಾರಿಯಲ್ಲಿ ತಿರುಗಿ ಬರುವುದು ಅವನ ಪಾಳಿ. ಅವನು ಬಸ್ಸಿನಲ್ಲಿದ್ದ ದಿನವೆಲ್ಲ ಸಿದ್ದವ್ವ ಒಬ್ಬಳೇ. ಯುಗಾದಿಯ ಮುಂದೆ ಅವರಿಗೆ ಹೆಣ್ಣುಮಗು ಹುಟ್ಟಿತು. ರೇವವ್ವ ಅದನ್ನು ಮಡಿಲಲ್ಲಿ ಹಾಕಿಕೊಂಡು, "ಮಡಿವಾಳ, ನನ್ನ ಮಡಿವಾಳ" ಎಂದು ಆಡಿಸುತ್ತಿದ್ದಳು. ಯಾರೂ ತಿದ್ದಲಿಲ್ಲ. ಆಷಾಢದಲ್ಲಿ ಒಂದು ದಿನ ಸಿದ್ದವ್ವ ಒಲೆಗೆ ಕುಳ್ಳು ತರಲು ಹೊರಗೆ ಹೋದಾಗ ಅವಳು ಕೂಸಿಗೆ ನೀರು ಹಾಕಲೆಂದು ಬಾವಿಗೆ ಎತ್ತಿಕೊಂಡು ಹೋದಳು. ಅಲ್ಲಿಗೆ ಹೋದ ಮೇಲೆ ಏತಕ್ಕೆ ಬಂದೆನೆಂಬುದು ಮರೆತುಹೋಯಿತು. ಕೂಸನ್ನು ಬಾವಿಯ ಕಟ್ಟೆಯ ಮೇಲೆ ಮಲಗಿಸಿ ಕೊಡ ತುಂಬಿಕೊಂಡು ಮನೆಗೆ ಬಂದಳು. ನೀರಿಗೆ ಬಂದ ಯಾರೋ ಹೆಂಗಸು ಕೂಸನ್ನು ಎತ್ತಿಕೊಂಡು ಬಂದು ಸಿದ್ದವ್ವನ ಕೈಗಿತ್ತಳು. ಆ ಹೆಂಗಸು ಒಂದು ಮಾತೂ ಆಡದೆ ಹೋದದ್ದೇ ಸಿದ್ದವ್ವನನ್ನು ಹೆಚ್ಚು ನೋಯಿಸಿತು.

"ನಾ ನಿಮ್ಮವ್ವನ್ನ ಬೈಯೂದಿಲ್ಲ," ಎಂದಳು ಸಿದ್ದವ್ವ ಅವತ್ತು ಸಂಜೆ. "ಆದ್ರ ಎರಡು ಕೂಸು ಹಿಡಿಯಾಕ ನನಗ ಎರಡೇ ಕೈ ಅದಾವ. ನೀವು ಏನರ ಮಾಡ್ರಿ."

ವಿಜಾಪುರದ ಡಾಕ್ಟರು ಇದಕ್ಕೆ ಔಷಧ ಇಲ್ಲ, ಕಾಯುವವರು ಬೇಕು ಎಂದು ಮೊದಲೇ ಹೇಳಿದ್ದರು. ಮುದ್ದೇಬಿಹಾಳದ ಸುಮಿತ್ರಾಬಾಯಿಯ ಸುದ್ದಿ ತಂದವನು ಅವನ ಬಸ್ಸಿನ ಡ್ರೈವರ್ ಅಪ್ಪಾಸಾಬ. ಆಕೆ ಮೀರಜದ ಕಡೆ ಮೂವತ್ತು ವರ್ಷ ನರ್ಸಾಗಿದ್ದು, ನೌಕರಿ ಮುಗಿದ ಮೇಲೆ ಊರಿಗೆ ಬಂದು, ತನ್ನ ಕಲ್ಲಿನ ಮನೆಯಲ್ಲಿ ಇಂಥ ಆರು ಮಂದಿ ಮುದುಕಿಯರನ್ನು ಇಟ್ಟುಕೊಂಡಿದ್ದಳು. ಅವರ ಮನೆಯವರು ಜೋಳ, ಬೇಳೆ ತಂದು ಹಾಕುತ್ತಿದ್ದರು. ಮಡಿವಾಳಪ್ಪ ಒಂದು ದಿನ ಹೋಗಿ ನೋಡಿ ಬಂದ. ಒಳಗೆ ಎಲ್ಲ ಬಾಗಿಲೂ ತೆರೆದಿದ್ದವು. ಹೊರಗಿನ ದೊಡ್ಡ ಬಾಗಿಲಿಗೆ ಮಾತ್ರ ಅಗಳಿ. ಅಂಗಳದಲ್ಲಿ ಒಬ್ಬ ಮುದುಕಿ ಬರಿಯ ಮೊರ ಹಿಡಿದು ಇಲ್ಲದ ಕಾಳನ್ನು ಕೇರುತ್ತಿದ್ದಳು. ಖಾತುನಬಿ ಎಂಬ ಕೆಲಸದ ಹೆಂಗಸು ಆಕೆಯ ಪಕ್ಕದಲ್ಲಿ ಕೂತು, "ಇನ್ನೊಂದು ಚೂರು ಕಸಾ ಐತಿ ನೋಡಬೇ" ಎನ್ನುತ್ತಿದ್ದಳು. ಅವನಿಗೆ ಇದು ಸರಿಯಾದ ಜಾಗ ಅನ್ನಿಸಿತು. ಕರೆತರುವುದೊಂದೇ ಉಳಿದಿದ್ದ ಕೆಲಸ.

ಆ ಸೋಮವಾರದ ಮರುದಿನ ಸಿಂದಗಿಯ ಬಸ್‌ಸ್ಟ್ಯಾಂಡಿನ ಹೊಟೇಲಿನಲ್ಲಿ ಅವನು ಅಪ್ಪಾಸಾಬನಿಗೆ ಎಲ್ಲ ಹೇಳಿದ. ಅಪ್ಪಾಸಾಬ ಬಶಿಯಲ್ಲಿ ಚಹಾ ಸುರಿದುಕೊಂಡು ಊದುತ್ತ ಕೇಳಿದ.

"ನೀ ಖಾಕಿ ಹಾಕ್ಕೊಂಡು ಹೋಗಿ ಕೈ ಜಗ್ಗಿದ್ರ ಯಾರು ಬರ್ತಾರೋ ಮಾರಾಯಾ? ಪೊಲೀಸರು ಅನ್ಕೊಂಡಾಳು ಮುದುಕಿ."

"ಮತ್ತ ಹ್ಯಾಂಗ ಕರೀಬೇಕು?"

"ಹೆಣ್ಮಕ್ಕಳು ಯಾರ ಹಿಂದ ನಕ್ಕೋತ ಹೊಕ್ಕಾರ? ತವರಿಂದ ಅಣ್ಣ ಬಂದ್ರ. ಇನ್ನ ಎಂಟು ದಿನಕ್ಕ ನಾಗರ ಪಂಚಮಿ. ನಮ್ಮ ಓಣ್ಯಾಗಿನ ಹೆಣ್ಮಕ್ಕಳೆಲ್ಲಾ ಈಗಾಗ್ಲೇ ಗಂಟು ಕಟ್ಟಿ ಕುಂತಾರ."

"ನಮ್ಮ ಸೋದರಮಾವ ಸತ್ತು ಹನ್ನೊಂದು ವರ್ಷ ಆತು."

"ನಿನಗ ಗೊತ್ತೈತಿ. ಆಕಿಗಿ?"

ಅಪ್ಪಾಸಾಬ ತಮಾಷೆಗೆ ಅಂದಿದ್ದ. ಆದರೆ ಬಾಗೇವಾಡಿ ಬರುವಷ್ಟರಲ್ಲಿ ಅದು ಮಡಿವಾಳಪ್ಪನ ತಲೆಯಲ್ಲಿ ಬೇರು ಬಿಟ್ಟಿತ್ತು. ತಾಯಿಯ ತವರು ಮುದ್ದೇಬಿಹಾಳದ ಆಚೆ, ಹೊಳೆಯ ಕಡೆಯ ಊರು. ಅದೇ ದಾರಿ. ಮೂಗು, ಹುಬ್ಬು ಎಲ್ಲ ಮಾವ ಖಂಡೆಪ್ಪನದೇ ಎಂದು ಚಿಕ್ಕಂದಿನಿಂದ ಅನ್ನಿಸಿಕೊಂಡವನು ಅವನು. ಇನ್ನು ಬೇಕಾದದ್ದು ಮಾವ ಸುತ್ತುತ್ತಿದ್ದಂಥ ಒಂದು ಹಳದಿ ರುಮಾಲು.

ಪಂಚಮಿಗೆ ಎರಡು ದಿನ ಇರುವಾಗ ಅವನು ಖಾಕಿಯ ಮೇಲೊಂದು ಬಿಳಿ ಅಂಗಿ ತೊಟ್ಟು, ರುಮಾಲು ಸುತ್ತಿ, ಹಿತ್ತಲಿನಿಂದ ಹೊರಬಿದ್ದು, ಓಣಿ ಬಳಸಿ, ಮುಂಬಾಗಿಲಿಗೆ ಬಂದ. ಮಾವ ಯಾವಾಗಲೂ ಒಳಗೆ ಬರುವ ಮುಂಚೆ ಒಮ್ಮೆ ಕೆಮ್ಮುತ್ತಿದ್ದ. ಅವನೂ ಕೆಮ್ಮಿದ. ತನ್ನದೇ ಮನೆಯ ಹೊಸ್ತಿಲ ಹೊರಗೆ ನಿಂತು ಅಪ್ಪಣೆಗೆ ಕಾಯುವುದು ಎಂಥದ್ದೆಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಯಾರು?"

"ನಾನಬೇ ತಂಗಿ, ಖಂಡೆಪ್ಪ. ಪಂಚಮಿಗಿ ಕರಿಯಾಕ ಬಂದೇನಿ."

ರೇವವ್ವ ಕಣ್ಣಿನ ಮೇಲೆ ಕೈ ಇಟ್ಟು ನೋಡಿದಳು. ಆ ಗಳಿಗೆಯಲ್ಲಿ ಅವನಿಗೆ ಒಂದು ವಿಚಿತ್ರವಾದ ಆಸೆ ಹುಟ್ಟಿತು. ಅವಳು ತನ್ನನ್ನು ಹಿಡಿದುಬಿಡಬೇಕು. "ಏನಿದು ಸೋಗು ಮಡಿವಾಳ, ಬಿಚ್ಚಿಡು" ಎಂದು ಬಯ್ಯಬೇಕು. ಹಾಗಾದರೆ ಎಲ್ಲ ಅಲ್ಲಿಗೇ ನಿಲ್ಲುತ್ತದೆ. ಆದರೆ ಅವಳ ಮುಖ ನಿಧಾನವಾಗಿ ಅರಳಿತು. ಅವನು ಅಂಥ ನಗುವನ್ನು ತಾಯಿಯ ಮುಖದಲ್ಲಿ ನೋಡಿಯೇ ಇರಲಿಲ್ಲ. ಅದು ಮಕ್ಕಳಿಗೆ ಕಾಣಿಸುವ ನಗುವಲ್ಲ. ತವರಿನವರಿಗೆ ಮಾತ್ರ ಕಾಣಿಸುವಂಥದ್ದು.

"ಈಗ ನೆನಪಾತೇನು ಅಣ್ಣಾ ನಿನಗ? ಓಣ್ಯಾಗಿನವರೆಲ್ಲಾ ತವರಿಗಿ ಹೋಗಿ ಬಂದ್ರು. ನಾ ಕಟ್ಟಿ ಮ್ಯಾಲ ಕುಂತು ದಾರಿ ನೋಡಿ ನೋಡಿ ಕಣ್ಣು ಕೆಂಪಾದೂ."

"ಕೆಲಸ ಬಾಳ ತಂಗಿ."

"ಕೆಲಸ ಎಲ್ಲಾರಿಗೂ ಇರತಾವ. ತಂಗಿ ಒಬ್ಬಾಕಿ." ಅವಳು ತಂಬಿಗೆಯಲ್ಲಿ ನೀರು ತಂದಳು, ಬೆಲ್ಲ ತಂದಳು. ಎಷ್ಟೋ ತಿಂಗಳಿಂದ ಮನೆಯಲ್ಲಿ ಬೆಲ್ಲ ಎಲ್ಲಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಆ ದಿನ ಗೊತ್ತಿತ್ತು. ಆಮೇಲೆ ದನಿ ತಗ್ಗಿಸಿ, ಅಡಿಗೆಮನೆಯ ಕಡೆ ಕಣ್ಣು ಮಾಡಿ ಹೇಳಿದಳು: "ಅತ್ತಿಯವರನ್ನ ಕೇಳು. ನಾ ಬರ್ತೇನಂದ್ರ ನಡಿಯೂದಿಲ್ಲ."

ಸಿದ್ದವ್ವ ಬಾಗಿಲಿಗೆ ಬಂದು ನಿಂತಳು. ಗಂಡನನ್ನು ರುಮಾಲಿನಲ್ಲಿ ನೋಡಿ ಅವಳ ತುಟಿ ಅದುರಿತು, ನಗುವಿಗೋ ಅಳುವಿಗೋ. ಅವಳು ತನ್ನ ಪಾತ್ರವನ್ನು ಅವಸರದಲ್ಲಿ ಮುಗಿಸಿದಳು.

"ಕರಕೊಂಡು ಹೋಗ್ರಿ. ಐದು ದಿನಕ್ಕ ತಂದು ಬಿಡಬೇಕು ಮತ್ತ."

ಆ ಕೊನೆಯ ಮಾತನ್ನು ಹೇಳು ಎಂದು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ತವರಿಗೆ ಕಳಿಸುವ ಅತ್ತೆಯರೆಲ್ಲ ಹೇಳುವ ಮಾತು ಅದು, ತಾನಾಗಿ ಬಾಯಿಗೆ ಬಂತು. ರೇವವ್ವ ಅದನ್ನು ಕೇಳಿ ತಲೆಯಾಡಿಸಿದಳು. ನೂರು ಸಂಗತಿ ಮರೆತವಳು ಆ ಮಾತನ್ನು ಮರೆಯಲಿಲ್ಲ.

ಹೊರಡುವ ಹೆಣ್ಣಿಗೆ ಉಡಿ ತುಂಬಬೇಕು. ರೇವವ್ವ ತಾನೇ ಮಣೆ ಹಾಕಿಕೊಂಡು ಸೆರಗು ಒಡ್ಡಿ ಕೂತಳು. ಸಿದ್ದವ್ವ ಅಕ್ಕಿ, ಕೊಬ್ಬರಿ, ಕುಬಸದ ಖಣ ಹಾಕಿದಳು. ಕುಂಕುಮದ ಭರಣಿ ತೆಗೆದಾಗ ಅವಳ ಕೈ ನಿಂತಿತು. ಗಂಡ ಸತ್ತವಳಿಗೆ ಯಾರೂ ಉಡಿ ತುಂಬುವುದಿಲ್ಲ, ಕುಂಕುಮವಂತೂ ಇಲ್ಲವೇ ಇಲ್ಲ. ರೇವವ್ವ ಹತ್ತು ವರ್ಷದ ಬರಿ ಹಣೆಯನ್ನು ಎತ್ತಿ ಹಿಡಿದು ಕಾಯುತ್ತಿದ್ದಳು. ಸಿದ್ದವ್ವ ಗಂಡನ ಮುಖ ನೋಡಿದಳು. ಅವನು ಬೇರೆ ಕಡೆ ನೋಡಿದ. ಅವಳು ಹಚ್ಚಿದಳು.

ಎದ್ದವಳೇ ರೇವವ್ವ ತೊಟ್ಟಿಲ ಹತ್ತಿರ ಹೋದಳು.

"ಮಡಿವಾಳನ್ನ ಕರಕೊಂಡು ಹೋಗೂಣು ಅಣ್ಣಾ."

"ಕೂಸಿಗಿ ನೆಗಡಿ ಐತಿ. ಬಸ್ಸಿನ್ಯಾಗ ಗಾಳಿ ಹತ್ತತೈತಿ," ಎಂದ ಮಡಿವಾಳಪ್ಪ.

"ನನ್ನ ಬಿಟ್ಟು ಇರೂದಿಲ್ಲ ಅದು."

"ಐದೇ ದಿನ."

ಅವಳು ಮಲಗಿದ್ದ ಮಗುವಿನ ಹಣೆ ಮುಟ್ಟಿ, "ಐದು ದಿನ, ಅಳಬ್ಯಾಡ" ಎಂದಳು. ಆಮೇಲೆ ಯಾರೂ ಕೈ ಹಿಡಿಯದೆ ಹೊಸ್ತಿಲು ದಾಟಿದಳು.

ಅಂದು ಅವನದೇ ಪಾಳಿ. ಬಿಳಿ ಅಂಗಿ ತೆಗೆದಿಟ್ಟ, ರುಮಾಲು ತೆಗೆಯಲಿಲ್ಲ. ಖಾಕಿ ಅಂಗಿ, ಕೊರಳಲ್ಲಿ ಚರ್ಮದ ಚೀಲ, ತಲೆಯ ಮೇಲೆ ಹಳದಿ ರುಮಾಲು. ಇಂಡಿಯಿಂದ ಸಿಂದಗಿಯವರೆಗೆ ಜನ ಅವನನ್ನು ಬಿಡಲಿಲ್ಲ.

"ಏನಪ್ಪಾ ಮಡಿವಾಳಪ್ಪ, ಬೀಗತನಕ್ಕ ಹೊಂಟೀಯೇನು?"

"ಡಿಪೋದಾಗ ಟೊಪಿಗಿ ತೀರ್ಯಾವಂತ," ಎಂದು ಅಪ್ಪಾಸಾಬ ಮುಂದಿನಿಂದ ಕೂಗಿದ. "ಸರಕಾರ ರುಮಾಲಾ ಕೊಟ್ಟೈತಿ."

ರೇವವ್ವ ಕಿಟಕಿಯ ಪಕ್ಕ ಕೂತು ಉಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಬಸ್ಸಿನ ತುಂಬ ತವರಿಗೆ ಹೊರಟ ಹೆಣ್ಣುಮಕ್ಕಳು, ಅವರ ಗಂಟು, ಅವರ ಕೂಸು. ಹಿಪ್ಪರಗಿಯಲ್ಲಿ ಹತ್ತಿದ ಒಬ್ಬ ಹೊಸ ಮದುವಣಗಿತ್ತಿ ಅವಳ ಪಕ್ಕ ಕೂತಿತು.

"ನಿಮ್ಮೂರಾಗ ಜೋಕಾಲಿ ಎಲ್ಲಿ ಕಟ್ಟತಾರ?" ಎಂದು ರೇವವ್ವ ಕೇಳಿದಳು.

"ಬೇವಿನ ಗಿಡಕ್ಕರಿ. ನೀವೆಲ್ಲಿಗಿ ಅಮ್ಮಾ?"

"ತವರಿಗಿ. ಅಗೋ, ಆಂವ ನಮ್ಮಣ್ಣ. ಟಿಕೀಟ ಕೊಡಾಕತ್ತಾನ ನೋಡು, ಅವ."

ಹುಡುಗಿ ಮೂವತ್ತೊಂದು ವರ್ಷದ ಮಡಿವಾಳಪ್ಪನನ್ನೂ ಮುದುಕಿಯನ್ನೂ ನೋಡಿ ಮುಸುಮುಸು ನಕ್ಕಿತು. ಅವನು ಹಿಂದಿನ ಸೀಟಿನವರೆಗೆ ಹೋಗಿ ಟಿಕೀಟು ಹರಿದು ಕೊಡುತ್ತಲೇ ಇದ್ದ. ಬಾಗೇವಾಡಿ ದಾಟಿದ ಮೇಲೆ ರೇವವ್ವ ಆ ಹುಡುಗಿಗೆ ಪಂಚಮಿಯ ಹಾಡು ಹೇಳಿಕೊಡತೊಡಗಿದಳು. ಒಂದು ಸಾಲೂ ತಪ್ಪಲಿಲ್ಲ. ಇಷ್ಟು ಸುಖದಿಂದ ಒಬ್ಬರನ್ನು ಒಯ್ದು ಎಲ್ಲೋ ಬಿಟ್ಟು ಬರಬಹುದೆಂದು ಅವನು ಎಣಿಸಿರಲಿಲ್ಲ. ಅತ್ತಿದ್ದರೆ, ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಸುಮಿತ್ರಾಬಾಯಿಗೆ ಅವನು ಈ ಉಪಾಯ ಹೇಳಿರಲಿಲ್ಲ. ಖಾತುನಬಿ ರೇವವ್ವನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಆಕೆ ಅವನ ರುಮಾಲನ್ನು ನೋಡಿ ಕೇಳಿದಳು. ಅವನು ಹೇಳಿದ. ಆಕೆ ಕನ್ನಡಕ ತೆಗೆದು ಸೀರೆಯ ಅಂಚಿನಿಂದ ಒರೆಸಿದಳು.

"ಎಷ್ಟು ದಿನ ಅಂತ ಹೇಳೀರಿ?"

"ಐದು."

"ಆರನೇ ದಿನಾ ಏನ್ ಹೇಳ್ತೀರಿ?"

"ಅಷ್ಟರಾಗ ಮರೀತಾಳ್ರಿ. ಮುಂಜಾನೀದು ಸಂಜೀಕ ನೆನಪಿರೂದಿಲ್ಲ ಆಕಿಗಿ."

"ಹೆಣ್ಮಕ್ಕಳು ಎಲ್ಲಾ ಮರೀತಾರ, ತಿರುಗಿ ಹೋಗೋ ದಿನಾ ಮರಿಯೂದಿಲ್ಲ. ನನ್ನ ಮೊದಲ ಕೇಳಿದ್ರ ಮಗ ಆಗೇ ಬರ್ರಿ ಅಂತಿದ್ದೆ. ಅತ್ತುಕೋತ ಬಂದಿದ್ರೂ ನಾಲ್ಕು ದಿನದಾಗ ಸಮಾಧಾನ ಮಾಡ್ತಿದ್ದೆ. ಈಗ ನೀವು ಆಕಿ ತಲ್ಯಾಗ ಒಂದು ದಿನಾ ಗೊತ್ತು ಮಾಡಿ ಇಟ್ಟು ಹೊಂಟೀರಿ." ಆಕೆ ಸಿಟ್ಟಿನಿಂದ ಹೇಳಲಿಲ್ಲ. ಜ್ವರ ಎಷ್ಟಿದೆಯೆಂದು ಹೇಳುವ ದನಿಯಲ್ಲಿ ಹೇಳಿದಳು.

ಪಂಚಮಿಯ ದಿನ ಸುಮಿತ್ರಾಬಾಯಿ ಹಿತ್ತಲ ಗಿಡಕ್ಕೆ ಜೋಕಾಲಿ ಕಟ್ಟಿಸಿದ್ದಳಂತೆ. ಖಾತುನಬಿ ಶೇಂಗಾ ಉಂಡಿ ಕಟ್ಟಿದ್ದಳಂತೆ. ಮುದುಕಿಯರು ಒಬ್ಬರನ್ನೊಬ್ಬರು ತೂಗಿದರಂತೆ. ಇದೆಲ್ಲ ಮಡಿವಾಳಪ್ಪ ಕೇಳಿದ್ದು. ಮುದ್ದೇಬಿಹಾಳದಲ್ಲಿ ಬಸ್ಸು ನಿಲ್ಲುವುದು ಇಪ್ಪತ್ತು ನಿಮಿಷ. ಸ್ಟ್ಯಾಂಡಿನಿಂದ ಆ ಮನೆಗೆ ಐದು ನಿಮಿಷದ ದಾರಿ. ಅವನು ಹೊರಗೆ ನಿಂತು ರುಮಾಲು ಸುತ್ತಿಕೊಂಡು ಒಳಗೆ ಹೋಗುತ್ತಿದ್ದ.

ಆರನೆಯ ದಿನ ಅವನು ಹೋದಾಗ ರೇವವ್ವ ಗಂಟು ಕಟ್ಟಿಕೊಂಡು ಬಾಗಿಲ ಹತ್ತಿರ ಕೂತಿದ್ದಳು. ಉಡಿಯ ಅಕ್ಕಿ ಗಂಟಿನಲ್ಲಿ ಹಾಗೇ ಇತ್ತು.

"ನಡಿ ಅಣ್ಣಾ. ಹೊತ್ತಾತು. ಕೂಸು ಅತ್ತು ಅತ್ತು ಸಾಯತಿರಬೇಕು."

"ಇವತ್ತು ಬಸ್ಸು ಕೆಟ್ಟೈತಿ ತಂಗಿ. ನಾಳೆ."

ನಾಳೆ ಎಂದರೆ ಅವಳು ಒಪ್ಪುತ್ತಿದ್ದಳು. ಗಂಟು ಬಿಚ್ಚುತ್ತಿರಲಿಲ್ಲ. ಅವನು ಮತ್ತೆ ಬಂದಾಗ ಅದೇ ಜಾಗ, ಅದೇ ಗಂಟು. ಹೊಳೆ ಬಂದಿದೆ, ದಾರಿ ಕಡಿದಿದೆ, ದಿನ ಚೆನ್ನಾಗಿಲ್ಲ, ಅಮಾಸಿ ಇದೆ. ಬಸ್ಸಿನಲ್ಲಿ ದಿನಾ, "ಮುಂದ ಜಾಗಾ ಐತಿ, ಸರೀರಿ" ಎಂದು ಸುಳ್ಳು ಹೇಳಿ ಅಭ್ಯಾಸವಿದ್ದ ಬಾಯಿ ಅವನದು. ಅಲ್ಲಿ ಜನ ಬೈಯುತ್ತಲೇ ಸರಿಯುತ್ತಿದ್ದರು. ಇಲ್ಲಿ ಅವಳು ನಂಬುತ್ತಿದ್ದಳು.

ಮೂರನೆಯ ವಾರ ಅವನಿಗೆ ತಡೆಯಲಾಗಲಿಲ್ಲ. ರುಮಾಲಿಲ್ಲದೆ ಹೋದ. ಎದುರು ಕೂತು ಅವಳ ಎರಡೂ ಕೈ ಹಿಡಿದುಕೊಂಡ.

"ಯವ್ವಾ, ನನ್ನ ನೋಡು. ನಾ ಮಡಿವಾಳ."

ಅವಳು ಕೈ ಬಿಡಿಸಿಕೊಂಡಳು. ಮುದುಕಿಯರು ಕೇಳಿಸಿಕೊಂಡರೇನೋ ಎಂದು ಸುತ್ತ ನೋಡಿದಳು.

"ಚೇಷ್ಟಿ ಮಾಡಬ್ಯಾಡ ಅಣ್ಣಾ. ಮಕ್ಕಳ ಹೆಸರು ಹಿಡಿದು ಇಂಥಾ ಚೇಷ್ಟಿ ಮಾಡಬಾರದು. ನನ್ನ ಮಡಿವಾಳ ಇನ್ನ ಮಲಿ ಬಿಟ್ಟಿಲ್ಲ."

"ದೊಡ್ಡಾಂವ ಆಗೇನಿ ಯವ್ವಾ. ಲಗ್ನ ಆಗೈತಿ. ನಿನಗ ಮೊಮ್ಮಗಳು ಅದಾಳ."

ಅವಳು ಅವನನ್ನೇ ದಿಟ್ಟಿಸಿದಳು. ಒಳಗೆ ಎಲ್ಲೋ ಏನೋ ಹುಡುಕುತ್ತಿದ್ದಳು. ಅವನು ಕಾದ. ಆಮೇಲೆ ಅವಳ ಕಣ್ಣಲ್ಲಿ ಹೆದರಿಕೆ ತುಂಬಿತು.

"ಕೂಸಿಗಿ ಏನರ ಆಗೈತೇನು? ಅದಕ್ಕ ಹಿಂಗ ಮಾತಾಡಾಕತ್ತೀಯೇನು?"

"ಏನೂ ಆಗಿಲ್ಲ ತಂಗಿ," ಎಂದ ಅವನು. "ಕೂಸು ಚಲೋ ಐತಿ."

ಅಂದು ತಿರುಗಿ ಬರುವಾಗ ಅವನಿಗೆ ಸ್ಪಷ್ಟವಾಯಿತು. ಆಷಾಢದ ಆ ಸೋಮವಾರದವರೆಗೆ ಅವಳ ತಲೆಯಲ್ಲಿ ಇಬ್ಬರು ಮಡಿವಾಳರಿದ್ದರು. ಒಬ್ಬ ತೊಟ್ಟಿಲಲ್ಲಿ ಮಲಗಿದವನು, ಇನ್ನೊಬ್ಬ ದಿನಕ್ಕೊಮ್ಮೆಯೋ ವಾರಕ್ಕೊಮ್ಮೆಯೋ ಇದ್ದಕ್ಕಿದ್ದಂತೆ ಗುರುತು ಸಿಗುವ ದೊಡ್ಡವನು. ಆ ದೊಡ್ಡವನ ಮುಖವನ್ನು ತಾನೇ ತೆಗೆದು ಸತ್ತ ಮಾವನಿಗೆ ಕೊಟ್ಟುಬಿಟ್ಟಿದ್ದ. ಈಗ ಆ ಮುಖದಲ್ಲಿ ಮಗನಿಗೆ ಜಾಗವಿಲ್ಲ. ರೋಗ ಅವನನ್ನು ಒಂದು ದಿನ ಹೇಗೂ ಅಳಿಸುತ್ತಿತ್ತು. ಆದರೆ ಅಳಿಸಿದ್ದು ರೋಗವಲ್ಲ.

ಭಾದ್ರಪದ ಕಳೆಯುವ ಹೊತ್ತಿಗೆ ರೇವವ್ವ ಊಟ ಕಡಿಮೆ ಮಾಡಿದಳು. ಮೊದಲು ಒಂದು ರೊಟ್ಟಿ, ಆಮೇಲೆ ಅರ್ಧ. ಗಂಟನ್ನು ಬಾಗಿಲ ಹತ್ತಿರ ಇಡುವುದನ್ನು ಬಿಟ್ಟು ಹಾಸಿಗೆಯ ಕೆಳಗೆ ದೂಡಿದಳು. ಒಂದು ದಿನ ಖಾತುನಬಿ ಅವನನ್ನು ಬಾಗಿಲಲ್ಲೇ ನಿಲ್ಲಿಸಿದಳು.

"ಏನಂತಾರ ಗೊತ್ತೈತೇನ್ರಿ ನಿಮ್ಮವ್ವಾರು? ಪಂಚಮಿಗಿ ಬಂದಾಕಿ ಇನ್ನ ಇಲ್ಲೇ ಅದೇನಿ, ಯಾರೂ ಕರಿಯಾಕ ಬರಲಿಲ್ಲ, ಅವರು ನನ್ನ ಬಿಟ್ಟಾರ ಅಂತಾರ. ಬಂದಾಗಿಂದ ದಿನಾ ಹಚ್ಚಿಕೊಳ್ಳೂ ಕುಂಕುಮಾ ನಿನ್ನೆ ತಾವಾಗೇ ಒರಿಸಿಕೊಂಡ್ರು."

"ನೀವು ಏನಂದ್ರಿ?"

"ನಾ ಏನನ್ಲಿ? ನನ್ನ ಗಂಡನೂ ನನ್ನ ತವರಿಗಿ ಕಳಿಸಿ ಕರಿಯಾಕ ಬರಲಿಲ್ಲ. ಸುಳ್ಳು ಅಂತ ಹೇಳೂ ಬಾಯಿ ನನಗ ಇಲ್ಲರಿ."

ಅವನು ಒಳಗೆ ಹೋದ. ರೇವವ್ವ ಗೋಡೆಗೆ ಮುಖ ಮಾಡಿ ಕೂತಿದ್ದಳು. ತನ್ನ ತಾಯಿ ಇಪ್ಪತ್ತೆಂಟು ವರ್ಷ ಗಂಡನ ಜೊತೆ ಬಾಳಿದವಳು. ಅವನು ಸತ್ತ ಮೇಲೂ ಆ ಮನೆಯನ್ನು ಬಿಡದೆ ಮಗನನ್ನು ನೌಕರಿಗೆ ಹಚ್ಚಿದವಳು. ಓಣಿಯಲ್ಲಿ ಯಾರೂ ಅವಳ ಬಗ್ಗೆ ಒಂದು ಹಗುರ ಮಾತು ಆಡಿರಲಿಲ್ಲ. ಅಂಥವಳು ಈಗ ತನ್ನ ಕಣ್ಣಲ್ಲಿ ತಾನೇ ಗಂಡ ಬಿಟ್ಟ ಹೆಣ್ಣಾಗಿದ್ದಳು. ಯಾವ ತಪ್ಪಿಗೆ ಬಿಟ್ಟರೆಂದು ಗೋಡೆಯ ಹತ್ತಿರ ಲೆಕ್ಕ ಹಾಕುತ್ತಿದ್ದಳು. ಸಾರಿಗೆ ಉಪ್ಪು ಹೆಚ್ಚಾಗಿತ್ತೋ ಏನೋ, ಎಂದಳು. ಅತ್ತೆಗೆ ಎದುರು ಮಾತಾಡಿದೆನೋ ಏನೋ.

ಮನೆಯಲ್ಲಿ ಸಿದ್ದವ್ವ ದಿನಾ ಕೇಳುತ್ತಿದ್ದಳು, "ಉಂಡ್ರೇನು?" ಅವತ್ತು ಅವನು ಎಲ್ಲವನ್ನೂ ಹೇಳಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಐದು ದಿನಾ ಅಂತ ನಾ ಯಾಕರ ಅಂದ್ನೋ." ಹಿಟ್ಟಿನ ಕೈ ಕೊಡವಿಕೊಂಡು ಹೇಳಿದಳು: "ಕರಕೊಂಡು ಬಂದುಬಿಡ್ರಿ. ಹೆಂಗರ ಮಾಡೂಣು."

ಅವಳು ಮನಸ್ಸಿನಿಂದಲೇ ಹೇಳಿದ್ದಳು. ಅದನ್ನು ಅವನು ಮರೆಯಲಾರ. ಮಗಳು ಆಗ ಅಂಬೆಗಾಲಿಟ್ಟು ಹಿತ್ತಲ ಬಾಗಿಲಿನವರೆಗೆ ಹೋಗುತ್ತಿದ್ದಳು. ಅದರಾಚೆಗೆ ಬಾವಿ. ಅವನು ಮಗಳನ್ನು ಎತ್ತಿ ತಂದು ಒಳಗೆ ಬಿಟ್ಟ. ಅವಳು ಮತ್ತೆ ಅತ್ತಲೇ ಹೊರಟಳು.

"ಬ್ಯಾಡ," ಎಂದ. ಬೇಡ ಎಂದವನು ತಾನು, ಸಿದ್ದವ್ವ ಅಲ್ಲ, ಸುಮಿತ್ರಾಬಾಯಿ ಅಲ್ಲ. ಯಾರನ್ನಾದರೂ ದೂರಬೇಕೆಂದರೆ ಯಾರೂ ಉಳಿದಿರಲಿಲ್ಲ.

ಮುಂದಿನ ಪಾಳಿಯಲ್ಲಿ ಸಿಂದಗಿಯಿಂದ ಬಾಗೇವಾಡಿಯವರೆಗೆ ಅವನು ಯೋಚಿಸಿದ. ಅವಳಿಗೆ ಮಗ ಸಿಗುವುದಿಲ್ಲ, ಅದು ಮುಗಿಯಿತು. ಗಂಡನ ಮನೆಗೆ ತಿರುಗಿ ಹೋಗುವುದೂ ಸಾಧ್ಯವಿಲ್ಲ. ಆದರೆ ಅವರು ಅವಳನ್ನು ಬಿಟ್ಟಿಲ್ಲ ಎಂಬುದನ್ನಾದರೂ ಕೊಡಬಹುದು. ಹಾಗಾದರೆ ಅವಳು ಇಲ್ಲಿ ಉಳಿದದ್ದಕ್ಕೆ ಬೇರೆ ಯಾರಾದರೂ ಕಾರಣರಾಗಬೇಕು. ಅಂಥವನು ಒಬ್ಬನೇ ಇದ್ದ, ಕರೆಯಲು ಬಂದ ಅಣ್ಣ. ಅವನ ಮೇಲೆ ಅವಳಿಗೆ ಇನ್ನೂ ಪ್ರೀತಿ ಇತ್ತು, ಅವನು ಬಂದರೆ ಅವಳ ಮುಖ ಇನ್ನೂ ಸ್ವಲ್ಪ ಅರಳುತ್ತಿತ್ತು. ಮಡಿವಾಳಪ್ಪನಿಗೆ ಉಳಿದಿದ್ದು ಅಷ್ಟೇ.

ಅವನು ಗೋಡೆಯ ಹತ್ತಿರ ಅವಳ ಪಕ್ಕ ಕೂತ.

"ತಂಗಿ, ನಿನಗೊಂದು ಮಾತು ಮುಚ್ಚಿಟ್ಟೇನಿ."

ಅವಳು ತಿರುಗಲಿಲ್ಲ.

"ಅವರು ಕರಿಯಾಕ ಬಂದಿದ್ರು."

"ಯಾರು?"

"ನಿಮ್ಮ ಮನಿಯವರು. ಪಂಚಮಿ ಆದ ಆರನೇ ದಿನಾನ ಚಕ್ಕಡಿ ಹೂಡಿಕೊಂಡು ಬಂದಿದ್ರು. ಆಮ್ಯಾಲ ಇನ್ನ ಎರಡು ಸಲ ಬಂದ್ರು. ನಾನ ಕಳಿಸ್ಲಿಲ್ಲ."

ಈಗ ತಿರುಗಿದಳು.

"ಯಾಕ?"

ಅದಕ್ಕೆ ಅವನು ಉತ್ತರ ತಯಾರಿ ಮಾಡಿಕೊಂಡಿದ್ದ. ಹೊಲದ ಜಗಳ, ಹಳೆಯ ಮುನಿಸು, ಏನೇನೋ. ಯಾವುದೂ ಬಾಯಿಗೆ ಬರಲಿಲ್ಲ.

"ನನಗ ಅನುಕೂಲ ಇರಲಿಲ್ಲ ತಂಗಿ. ನನ್ನ ಸಂಬಂಧ ನಿನ್ನ ಇಲ್ಲಿ ಇಟ್ಟೆ."

"ಕೂಸನ್ನ ತಂದಿದ್ರೇನು?"

"ತಂದಿದ್ರು. ಯವ್ವಾ ಯವ್ವಾ ಅಂತ ಅಳಾಕತ್ತಿತ್ತು." ಅಳುತ್ತಿದ್ದ ಆ ಕೂಸು ತಾನೇ ಆಗಿದ್ದ. ಹೇಳಿದ್ದರಲ್ಲಿ ಆ ಅಳುವೂ ಸುಳ್ಳಾಗಿರಲಿಲ್ಲ.

"ಬಂದಿದ್ರು," ಎಂದಳು ರೇವವ್ವ. ಇನ್ನೊಮ್ಮೆ, "ಬಂದಿದ್ರು." ಬಾಗಿದ್ದ ಬೆನ್ನು ನೆಟ್ಟಗಾಯಿತು. ಗೋಡೆ ಹಿಡಿದು ಎದ್ದು ನಿಂತಳು. ಅಂಗಳದಲ್ಲಿದ್ದ ಮುದುಕಿಯರಿಗೂ ಖಾತುನಬಿಗೂ ಕೇಳುವ ಹಾಗೆ, "ಕೇಳಿದ್ರೇನು? ಮೂರು ಸಲ ಬಂದಿದ್ರಂತ," ಎಂದಳು. ಆಮೇಲೆ ಅವನ ಕಡೆ ತಿರುಗಿದಳು. ಅವನು ಇನ್ನೂ ಕೂತೇ ಇದ್ದ.

"ಅಣ್ಣ ಆದಾಂವ ತಂಗಿ ಬಾಳೇ ಮುರೀತಾನೇನು? ಮನಿಗಿ ಬಂದವರನ್ನ ತಿರುಗಿ ಕಳಿಸ್ತಾನೇನು? ನೀ ನಮ್ಮಣ್ಣ ಅಲ್ಲ. ಏಳು. ಎದ್ದು ನಡಿ. ಇನ್ನೊಮ್ಮಿ ನನಗ ಮಾರಿ ತೋರಿಸಬ್ಯಾಡ."

"ಆತು," ಎಂದು ಅವನು ಎದ್ದ. ಅಣ್ಣ ಅಲ್ಲ ಎಂದ ಮೇಲೆ ಇನ್ನೊಂದು ಮಾತು ಬರಬಹುದೇನೋ ಎಂದು ಅವನು ಬಾಗಿಲ ಹತ್ತಿರ ಒಂದು ಗಳಿಗೆ ನಿಂತ. ಅವಳಾಗಲೇ ಖಾತುನಬಿಯನ್ನು ಕರೆದು, ಹಸಿವಾಗಿದೆ, ರೊಟ್ಟಿ ಇದೆಯೇ ಎಂದು ಕೇಳುತ್ತಿದ್ದಳು.

ಸುಮಿತ್ರಾಬಾಯಿ ಹೊರಬಾಗಿಲವರೆಗೆ ಬಂದಳು.

"ಸ್ವಲ್ಪ ದಿನಾ ನೀವು ಒಳಗ ಬರಬ್ಯಾಡ್ರಿ. ನಿಮ್ಮನ್ನ ನೋಡಿದ್ರ ಸಿಟ್ಟಿಗೇಳತಾರ."

"ಎಷ್ಟು ದಿನಾರಿ?"

"ನಿಮ್ಮನ್ನ ಮರಿಯೂತನಕ."

ಆಮೇಲೆ ಅವನು ಪಾಳಿಗೊಮ್ಮೆ ಹೋಗಿ ಹೊರಗಿನ ಬಾಗಿಲಲ್ಲಿ ನಿಂತು ಕೇಳಿ ಬರುತ್ತಿದ್ದ. ಖಾತುನಬಿ ಅಗಳಿ ತೆಗೆಯದೆ ಸಂದಿನಿಂದಲೇ ಹೇಳುತ್ತಿದ್ದಳು. ಒಂದೂವರೆ ರೊಟ್ಟಿ ತಿಂದರು. ತಲೆಗೆ ಎಣ್ಣೆ ಹಚ್ಚಿಸಿಕೊಂಡರು. ಹೊಸದಾಗಿ ಬಂದ ಮುದುಕಿಗೆ ಗಂಡನ ಮನೆಯವರು ಮೂರು ಸಲ ಚಕ್ಕಡಿ ಕಟ್ಟಿಕೊಂಡು ಬಂದ ಕತೆ ಹೇಳಿದರು. ಅಣ್ಣನನ್ನು ಬೈದರು. ಇವತ್ತು ಬೈಯಲಿಲ್ಲ. ಒಳಗಿನಿಂದ ಒಮ್ಮೊಮ್ಮೆ ತಾಯಿಯ ದನಿ ಕೇಳಿಸುತ್ತಿತ್ತು. ಅವನು ಬಾಗಿಲಿಗೆ ಇನ್ನಷ್ಟು ಹತ್ತಿರ ನಿಲ್ಲುತ್ತಿದ್ದ. ಅವಳು ತನ್ನನ್ನು ಮರೆತಾಳೆಂದು ಎರಡು ವರ್ಷ ಹೆದರಿದ್ದವನು ಈಗ ಮರೆಯಲಿ ಎಂದು ಬೇಡಿಕೊಳ್ಳುತ್ತಿದ್ದ. ಬೇಡಿಕೊಂಡು, ಮುಗಿಸಿ, ಹಾಗಾಗದಿರಲಿ ಎಂದೂ ಅಂದುಕೊಳ್ಳುತ್ತಿದ್ದ. ಸಿಟ್ಟಾದರೂ ಇರಲಿ, ಅದಾದರೂ ತನ್ನ ಮೇಲಿನದು.

ದೀಪಾವಳಿಯ ಮುಂದಿನ ವಾರ ಅವನು ಆ ಬಾಗಿಲಿನಿಂದ ತಿರುಗಿ ಬಂದಾಗ ಬಸ್ಸು ತುಂಬಿತ್ತು. ಅಪ್ಪಾಸಾಬ ಇಂಜಿನ್ನು ಚಾಲು ಮಾಡಿ ಕಾಯುತ್ತಿದ್ದ.

"ಏನಂದ್ರು?"

"ಉಂಡಾಳಂತ."

"ನಿನ್ನ ಕೇಳಿದ್ಲೇನು?"

"ಇಲ್ಲ," ಎಂದ ಮಡಿವಾಳಪ್ಪ. ಬಾಗಿಲು ಎಳೆದುಕೊಂಡು, ಒಳಗೆ ನಿಂತಿದ್ದ ಜನಕ್ಕೆ ಮುಂದೆ ಸರಿಯಲು ಹೇಳಿ, ಮೊದಲ ಸೀಟಿನಿಂದ ಟಿಕೀಟು ಕೊಡತೊಡಗಿದ.